ಹಳೇ ಕಾರು, ಕಲ್ನಾರು, ಕಸ್ಟಮ್ಸ್: ನಮ್ಮ ಕಡೆ ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಅಪ್ಪ ಓಡಿಸುತ್ತಿದ್ದ ಫಿಯಾಟ್ 1100 ಇವತ್ತಿಗೂ ನಮ್ಮ ಮನೆಯಲ್ಲಿದೆ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆ ಇಂಥ ಗಾಡಿ ಇಟ್ಟುಕೊಂಡವರು ಹೆಚ್ಚು ಕಡಿಮೆ ಒಬ್ಬರಿಗೊಬ್ಬರು ಗೊತ್ತಿರುವವರೇ. ಭಾನುವಾರ ಗೋಕುಲ ರೋಡಿನ ಗ್ಯಾರೇಜ್ ಮುಂದೆ ಚಹಾ ಕುಡಿಯುವಾಗ, ಮದುವೆ ಮನೆಯಲ್ಲಿ ಪಂಕ್ತಿಗೆ ಕೂತಾಗ, ಪರದೇಶದಲ್ಲಿರುವ ಮಕ್ಕಳು ಫೋನ್ ಮಾಡಿದಾಗ ಹಳೇ ಗಾಡಿಯೊಳಗಿನ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಮತ್ತು ಗಾಡಿ ತರಿಸುವ, ಕಳಿಸುವ ಬಗ್ಗೆ ಅವೇ ಪ್ರಶ್ನೆ ಮತ್ತೆ ಮತ್ತೆ ಬರುತ್ತವೆ. ಕೇಳಿದವರ ಮಾತಿನಲ್ಲೇ ಪ್ರಶ್ನೆ ಇಟ್ಟಿದ್ದೇನೆ. ನಿಮಗೆ ಬೇಕಾದ್ದಷ್ಟೇ ಓದಿಕೊಂಡರೂ ಸಾಕು.

## ಮೊದಲು ತಿಳಿಯಬೇಕಾದ್ದು

ಆಸ್ಬೆಸ್ಟಾಸ್ ಅಂದ್ರ ಮನಿ ಮ್ಯಾಲಿನ ಸಿಮೆಂಟ್ ಶೀಟ್ ಅಲ್ಲೇನ್ರಿ? ಕಾರಿಗೂ ಅದಕ್ಕೂ ಏನ್ ಸಂಬಂಧ?

ಶೀಟಿನಲ್ಲಿ ಇರುವುದೂ ಅದೇ, ಕಾರಿನಲ್ಲಿ ಇರುವುದೂ ಅದೇ. ಆಸ್ಬೆಸ್ಟಾಸ್ ಒಂದು ಖನಿಜ. ಕನ್ನಡದಲ್ಲಿ ಅದಕ್ಕೆ ಕಲ್ನಾರು ಅಂತ ಚೆಂದದ ಹೆಸರಿದೆ. ಕಲ್ಲೇ, ಆದರೆ ಬಿಡಿಸಿದರೆ ಹತ್ತಿಯ ಹಾಗೆ ನಾರು ನಾರಾಗಿ ಬರುತ್ತದೆ. ಬೆಂಕಿಗೆ ಸುಡುವುದಿಲ್ಲ, ಎಳೆದರೆ ಬೇಗ ಹರಿಯುವುದಿಲ್ಲ, ಬೆಲೆಯೂ ಕಡಿಮೆ. ತಿಕ್ಕಾಟ ಮತ್ತು ಬಿಸಿ ಎರಡೂ ಇರುವ ಜಾಗಕ್ಕೆ ಇದಕ್ಕಿಂತ ಒಳ್ಳೆಯ ಸಾಮಾನು ಆ ಕಾಲದಲ್ಲಿ ಇರಲಿಲ್ಲ. ಹಾಗಾಗಿ ಕಳೆದ ಶತಮಾನದ ಬಹುಪಾಲು ಕಾಲ ಬಂದ ಹೆಚ್ಚುಕಡಿಮೆ ಎಲ್ಲ ಕಾರುಗಳ ಬ್ರೇಕು, ಕ್ಲಚ್ಚುಗಳಲ್ಲಿ ಅದನ್ನೇ ಹಾಕಿದರು.

ಬಿಳಿ, ಕಂದು, ನೀಲಿ ಎಂದು ಮುಖ್ಯವಾಗಿ ಮೂರು ಬಗೆ. ಕಾರಿನಲ್ಲಿ ಬಳಕೆಯಾದದ್ದು ಬಹುಪಾಲು ಬಿಳಿ, ಅದಕ್ಕೆ ಕ್ರೈಸೊಟೈಲ್ ಎನ್ನುತ್ತಾರೆ.

ಹಳೇ ಗಾಡಿಯೊಳಗ ಇದು ಎಲ್ಲೆಲ್ಲಿ ಇರತೈತಿ?

ಬ್ರೇಕ್ ಲೈನರ್ (ಬ್ರೇಕ್ ಒತ್ತಿದಾಗ ಗಾಲಿಯೊಳಗಿನ ಕಬ್ಬಿಣದ ಡ್ರಮ್ಮಿಗೆ ತಿಕ್ಕುವ ಪಟ್ಟಿ) ಮತ್ತು ಕ್ಲಚ್ ಪ್ಲೇಟಿನ ಲೈನಿಂಗ್ ಎಲ್ಲರಿಗೂ ಗೊತ್ತು. ಹಳೇ ಬ್ರೇಕ್ ಲೈನರಿನ ತೂಕದಲ್ಲಿ ನೂರಕ್ಕೆ 35ರಿಂದ 60 ಭಾಗ ಕಲ್ನಾರೇ ಇರುತ್ತಿತ್ತು. ಅದರ ಜೊತೆಗೆ ಎಂಜಿನ್ನಿನ ಎರಡು ಭಾಗ ಕೂಡುವಲ್ಲಿ ಸೋರದಂತೆ ಇಡುವ ಹಾಳೆಗಳಾದ ಹೆಡ್ ಗ್ಯಾಸ್ಕೆಟ್, ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಸೈಲೆನ್ಸರ್ ಪೈಪ್ ಕೂಡುವಲ್ಲಿನ ರಿಂಗು, ಕಾರ್ಬೊರೇಟರ್ ಕೆಳಗಿನ ದಪ್ಪ ಪ್ಯಾಕಿಂಗ್, ಸೈಲೆನ್ಸರಿಗೆ ಸುತ್ತಿದ ಪಟ್ಟಿ.

ಮರೆತು ಹೋಗುವ ಜಾಗಗಳೇ ಜಾಸ್ತಿ ತೊಂದರೆ ಕೊಡುವುದು. ಬಾನೆಟ್ ಒಳಮೈಯ ಹೊದಿಕೆ, ಎಂಜಿನ್ನಿಗೂ ಡ್ಯಾಶ್‌ಬೋರ್ಡಿಗೂ ನಡುವಿನ ತಗಡಿಗೆ ಅಂಟಿಸಿದ ಹಲಗೆ, ಕಾಲಡಿಯ ಮ್ಯಾಟಿನ ಕೆಳಗಿನ ಡಾಂಬರಿನಂಥ ಹಾಳೆ, ಅಡಿಭಾಗಕ್ಕೆ ಬಳಿದ ಕಪ್ಪು ಲೇಪ. ನಾನು ನಮ್ಮ ಫಿಯಾಟಿನ ಕೈ ಬ್ರೇಕನ್ನೂ ಬಿಡದೆ ನೋಡಿದ್ದೆ. ಹೀಟರ್ ಪೈಪಿನ ಹತ್ತಿರದ ಅಂಗೈ ಅಗಲದ ಬೂದು ಹಲಗೆ ಮಾತ್ರ ಎರಡು ವರ್ಷ ಕಣ್ಣಿಗೇ ಬಿದ್ದಿರಲಿಲ್ಲ.

ನಮ್ಮ ಮಿಸ್ತ್ರಿ ಮೂವತ್ತು ವರ್ಷದಿಂದ ಅದೇ ಧೂಳಿನಾಗ ಅದಾನ, ಏನೂ ಆಗಿಲ್ಲ. ಇದೆಲ್ಲಾ ಅತೀ ಆತಲ್ಲೇನ್ರಿ?

ಈ ಪ್ರಶ್ನೆಗೆ ನಾನು ಯಾವತ್ತೂ ಅವಸರದಲ್ಲಿ ಉತ್ತರ ಕೊಡುವುದಿಲ್ಲ.

ಕಲ್ನಾರಿನ ಎಳೆ ಕೂದಲೆಳೆಗಿಂತ ನೂರಾರು ಪಟ್ಟು ಸಣ್ಣ. ಉಸಿರಿನ ಜೊತೆ ಪುಪ್ಪುಸದ ತಳಕ್ಕೆ ಇಳಿದರೆ ಅಲ್ಲೇ ಕೂರುತ್ತದೆ. ಕಲ್ಲು ನೋಡಿ, ಕರಗುವುದಿಲ್ಲ. ಅದರಿಂದ ಬರುವ ಕಾಯಿಲೆಗಳು ಮುಖ್ಯವಾಗಿ ಮೂರು. ಪುಪ್ಪುಸ ಗಟ್ಟಿಯಾಗಿ ಉಸಿರು ಕಟ್ಟುವ ಆಸ್ಬೆಸ್ಟೋಸಿಸ್, ಪುಪ್ಪುಸದ ಕ್ಯಾನ್ಸರ್, ಮತ್ತೆ ಪುಪ್ಪುಸದ ಹೊರಪೊರೆಗೆ ಬರುವ ಮೆಸೊಥೆಲಿಯೋಮಾ ಎಂಬ ಕ್ಯಾನ್ಸರ್. ಮೂರೂ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 20ರಿಂದ 40 ವರ್ಷ ಬೇಕು. ಅಂದರೆ ಇಪ್ಪತ್ತರ ಹುಡುಗ ಇವತ್ತು ಕುಡಿದ ಧೂಳಿನ ಲೆಕ್ಕ ಅವನ ಮಗಳ ಮದುವೆ ಹೊತ್ತಿಗೆ ಬರಬಹುದು. ‘ಏನೂ ಆಗಿಲ್ಲ’ ಅನ್ನುವುದಕ್ಕೆ ‘ಇನ್ನೂ’ ಅನ್ನುವ ಮಾತನ್ನೂ ಸೇರಿಸಬೇಕು. ಬೀಡಿ, ಸಿಗರೇಟು ಇದ್ದವರಿಗೆ ಪುಪ್ಪುಸದ ಕ್ಯಾನ್ಸರಿನ ಅಪಾಯ ಹಲವು ಪಟ್ಟು ಏರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕಲ್ನಾರಿನ ಎಲ್ಲ ಬಗೆಗಳನ್ನೂ ‘ಕ್ಯಾನ್ಸರ್ ತರುವುದು ಖಚಿತ’ ಎನ್ನುವ ಮೊದಲ ಗುಂಪಿನಲ್ಲೇ ಇಟ್ಟಿದೆ.

ಇನ್ನೊಂದು ಕಡೆಯದನ್ನೂ ಹೇಳಬೇಕು. ಬ್ರೇಕ್ ಹಿಡಿಯುವಾಗ ಆಗುವ ಬಿಸಿಗೆ ಲೈನರಿನ ನಾರಿನ ಬಹುಪಾಲು ರೂಪ ಬದಲಾಗಿ ಬೇರೆ ಖನಿಜವಾಗುತ್ತದೆ. ಹಾಗಾಗಿ ಡ್ರಮ್ಮಿನಲ್ಲಿರುವ ಧೂಳೆಲ್ಲ ಕಲ್ನಾರಲ್ಲ. ಸ್ವಲ್ಪ ಉಳಿದಿರುತ್ತದೆ, ಅಷ್ಟೇ. ನಿಜವಾಗಿ ಹೆಚ್ಚು ನಾರು ಹಾರುವುದು ಹಳೇ ಸ್ಟಾಕಿನ ಹೊಸ ಲೈನರನ್ನು ಉಜ್ಜುವಾಗ, ಕೊರೆಯುವಾಗ, ಅಂಚು ತೀಡುವಾಗ. ಕಾರಿನಲ್ಲಿ ಕೂತು ಓಡಿಸುವವರಿಗೆ ಹೆದರಿಕೆ ಬೇಡ. ಇದು ಸ್ಪ್ಯಾನರ್ ಹಿಡಿಯುವ ಕೈಯವರ ತೊಂದರೆ.

ಕಣ್ಣಿಲೆ ನೋಡಿ ಗುರುತು ಹಿಡಿಯಾಕ ಬರತೈತಿ?

ಬರುವುದಿಲ್ಲ. ಬಣ್ಣ, ವಾಸನೆ, ಸುಟ್ಟು ನೋಡುವುದು ಯಾವುದೂ ನಂಬುವಂಥದ್ದಲ್ಲ. ಲ್ಯಾಬಿನಲ್ಲಿ ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಂಥ ಉಪಕರಣದ ಕೆಳಗಿಟ್ಟು ನೋಡಿದರೆ ಮಾತ್ರ ಗೊತ್ತಾಗುತ್ತದೆ. ಅಲ್ಲಿವರೆಗೆ ಹಳೇ ಲೈನರ್, ಹಳೇ ಗ್ಯಾಸ್ಕೆಟ್ ಕಂಡರೆ ‘ಇದೆ’ ಎಂದೇ ತಿಳಿದು ಕೈ ಹಾಕಿ.

## ಗ್ಯಾರೇಜಿನಲ್ಲಿ

ಡ್ರಮ್ ಬಿಚ್ಚಿದ ಕೂಡ್ಲೇ ಏರ್ ಹೊಡೀಬ್ಯಾಡ್ರಿ ಅಂತೀರಿ. ಮತ್ತ ಹೆಂಗ ಸ್ವಚ್ಛ ಮಾಡೋದು?

ನಾನು ಕಣ್ಣಾರೆ ನೋಡಿದ್ದನ್ನು ಮೊದಲು ಹೇಳುತ್ತೇನೆ. ಮಧ್ಯಾಹ್ನ ಮೂರು ಗಂಟೆ. ಗ್ಯಾರೇಜಿನ ತಗಡಿನ ತೂತಿನಿಂದ ಒಂದು ಬಿಸಿಲುಕೋಲು ಇಳಿದಿತ್ತು. ಹದಿನಾರು ಹದಿನೇಳರ ಹುಡುಗ ಅಂಬಾಸಿಡರ್ ಡ್ರಮ್ ಬಿಚ್ಚಿ ನೆಲಕ್ಕೆ ಎರಡು ಸಲ ಕುಟ್ಟಿದ. ಆಮೇಲೆ ಬಾಯಿ ಹತ್ತಿರ ತಂದು ‘ಉಫ್’ ಅಂತ ಊದಿದ. ಬಿಸಿಲಿನಲ್ಲಿ ಬೂದು ಧೂಳು ಮೇಲೆದ್ದು ಇಳಿಯಲೇ ಇಲ್ಲ, ಹೊಗೆಯ ಹಾಗೆ ತೇಲುತ್ತಾ ನಿಂತಿತು. ಹುಡುಗನ ರೆಪ್ಪೆ ಕೂದಲಿನ ಮೇಲೆ ಹಿಟ್ಟು ಉದುರಿಸಿದ ಹಾಗೆ ಕಂಡಿತು. ಅಷ್ಟರಲ್ಲಿ ಚಹಾ ಬಂತು. ಅದೇ ಕೈಯಲ್ಲಿ ಲೋಟ ಹಿಡಿದು ಕುಡಿದ. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನೂ ಅದಕ್ಕೆ ಮುಂಚೆ ಹತ್ತು ವರ್ಷ ಪಕ್ಕದಲ್ಲಿ ನಿಂತು ಸುಮ್ನೆ ನೋಡಿದವನೇ. ಈ ಪುಟ ಬರೆಯಲು ಕೂತದ್ದು ಆ ಮಧ್ಯಾಹ್ನದ ಕಾರಣಕ್ಕೆ.

ಮಾಡುವುದು ಹೀಗೆ. ಡ್ರಮ್ ತೆಗೆಯುವ ಮುಂಚೆ ಕೆಳಗೊಂದು ಅಗಲ ಬುಟ್ಟಿ ಇಡಿ. ನೀರಿಗೆ ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಗಿಡಕ್ಕೆ ನೀರು ಚಿಮುಕಿಸುವ ಸ್ಪ್ರೇ ಬಾಟಲಿಯಲ್ಲಿ ತುಂಬಿ. ಡ್ರಮ್ ಸ್ವಲ್ಪ ಸಡಿಲಾದ ಕೂಡಲೇ ಸಂದಿಯಿಂದ ಮೆತ್ತಗೆ ಚಿಮುಕಿಸಿ. ಜೋರಾಗಿ ಹೊಡೆದರೆ ಧೂಳು ಏಳುತ್ತದೆ. ಪೂರ್ತಿ ಒದ್ದೆಯಾದ ಮೇಲೆ ಡ್ರಮ್ ಎಳೆಯಿರಿ, ಒದ್ದೆ ಬಟ್ಟೆಯಿಂದ ಒರೆಸಿ. ಒರೆಸಿದ ಬಟ್ಟೆಯನ್ನು ಒಣಗಲು ಬಿಡದೆ ಹಾಗೇ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿ.

ಏರ್ ಹೊಡೆಯುವುದು, ಒಣ ಬ್ರಶ್, ಒಣ ಕಸಬರಿಗೆ, ಮನೆಯ ಸಾಮಾನ್ಯ ವ್ಯಾಕ್ಯೂಮ್ ಕ್ಲೀನರ್ ಇವು ನಾಲ್ಕೂ ಬೇಡ. ವ್ಯಾಕ್ಯೂಮ್ ಬೇಕೇ ಬೇಕೆಂದರೆ ಅತಿ ಸಣ್ಣ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವುದೇ ಆಗಬೇಕು. ಮೂಗಿಗೆ ಕಟ್ಟಿದ ಕರವಸ್ತ್ರ, ಆಸ್ಪತ್ರೆಯ ನೀಲಿ ಮಾಸ್ಕ್ ಈ ನಾರನ್ನು ತಡೆಯುವುದಿಲ್ಲ. ಪಿ100 ಅಥವಾ ಎಫ್‌ಎಫ್‌ಪಿ3 ದರ್ಜೆಯ ಮಾಸ್ಕ್ ಬೇಕು, ಮುಖಕ್ಕೆ ಸಂದಿಯಿಲ್ಲದೆ ಕೂರಬೇಕು. ಕೆಲಸದ ಬಟ್ಟೆ ಮನೆಗೆ ಒಯ್ಯಬೇಡಿ. ಅದನ್ನು ಝಾಡಿಸಿ ಒಗೆಯುವವರು ಮನೆಯ ಹೆಣ್ಣುಮಕ್ಕಳು. ಗಂಡನ ಬಟ್ಟೆ ಒಗೆದೇ ಈ ಕಾಯಿಲೆ ಹತ್ತಿಸಿಕೊಂಡ ಹೆಂಗಸರ ಪ್ರಕರಣಗಳು ಬೇರೆ ದೇಶಗಳ ವೈದ್ಯಕೀಯ ದಾಖಲೆಗಳಲ್ಲಿ ಬೇಕಾದಷ್ಟಿವೆ.

ಅಮೆರಿಕದ ಕಾರ್ಮಿಕ ಸುರಕ್ಷತೆಯ ನಿಯಮ ವಾರಕ್ಕೆ ಐದು ಜೋಡಿಗಿಂತ ಹೆಚ್ಚು ಬ್ರೇಕ್ ಅಥವಾ ಕ್ಲಚ್ ಕೆಲಸ ಮಾಡದ ಸಣ್ಣ ಗ್ಯಾರೇಜುಗಳಿಗೆ ಈ ಒದ್ದೆ ಬಟ್ಟೆಯ ಪದ್ಧತಿಯನ್ನೇ ಒಪ್ಪುತ್ತದೆ. ಅಂದರೆ ಇದಕ್ಕೆ ಲಕ್ಷಗಟ್ಟಲೆ ಯಂತ್ರ ಬೇಡ. ಒಂದು ಸ್ಪ್ರೇ ಬಾಟಲಿ, ಒಂದು ಬುಟ್ಟಿ, ಹತ್ತು ನಿಮಿಷದ ತಾಳ್ಮೆ.

ಹೊಸಾ ಲೈನರ್ ಹಾಕಿಸಿಬಿಟ್ರ ಮುಗೀತಲ್ಲ?

ಬ್ರೇಕಿನ ಮಟ್ಟಿಗೆ ಬಹುಪಾಲು ಮುಗಿಯಿತು, ಹೊಸದು ಕಲ್ನಾರಿಲ್ಲದ್ದು ಆಗಿದ್ದರೆ. ಡಬ್ಬಿಯ ಮೇಲೆ ‘ಆಸ್ಬೆಸ್ಟಾಸ್ ಇಲ್ಲ’ ಎಂದು ಮುದ್ರಿಸಿದ, ಕಂಪನಿ ಹೆಸರಿರುವ ಲೈನರನ್ನೇ ಕೇಳಿ ತೊಗೊಳ್ಳಿ, ಬಿಲ್ ಇಟ್ಟುಕೊಳ್ಳಿ. ಬಿಡಿಯಾಗಿ ಹಾಳೆ ಕತ್ತರಿಸಿ ರಿವೆಟ್ ಹೊಡೆದು ಕೊಡುವ ಕಡೆ ಏನು ಬರುತ್ತದೆ ಎಂದು ಹೇಳಲಾಗದು. ಹಳೇ ಡ್ರಮ್, ಹಿಂದಿನ ತಟ್ಟೆ ಎರಡನ್ನೂ ಒದ್ದೆ ಒರೆಸಿಯೇ ಹೊಸ ಶೂ (ಲೈನರ್ ಹೊತ್ತ ಕಬ್ಬಿಣದ ಬಾಗುಪಟ್ಟಿ) ಕೂರಿಸಬೇಕು. ಇಲ್ಲದಿದ್ದರೆ ಹಳೇ ಧೂಳು ಹಾಗೇ ಉಳಿಯುತ್ತದೆ. ಪರದೇಶಕ್ಕೆ ಕಳಿಸುವ ಗಾಡಿಯಾದರೆ ಅಷ್ಟು ಧೂಳೂ ಸಾಕು, ಪರೀಕ್ಷೆಯಲ್ಲಿ ಸಿಕ್ಕಿಬೀಳಲು.

ತೆಗೆದ ಲೈನರ್ ಗುಜರಿಗೆ ಹಾಕಬಹುದಾ?

ಬೇಡ. ಕಬ್ಬಿಣದ ಶೂ ಬೇಕೆಂದು ಗುಜರಿಯವರು ಲೈನರನ್ನು ಸುತ್ತಿಗೆಯಿಂದ ಒಡೆದು ಬಿಡಿಸುತ್ತಾರೆ. ಧೂಳು ಅವರ ಪಾಲಿಗೆ ಹೋಗುತ್ತದೆ, ಅಷ್ಟೇ ವ್ಯತ್ಯಾಸ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಕಲ್ನಾರಿನ ತ್ಯಾಜ್ಯವೂ ಪಟ್ಟಿಯಲ್ಲಿದೆ. ಒದ್ದೆ ಮಾಡಿ, ಎರಡು ದಪ್ಪ ಚೀಲದಲ್ಲಿ ಒಂದರೊಳಗೊಂದು ಹಾಕಿ ಕಟ್ಟಿ, ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆದು ಬೇರೆ ಇಡಿ. ಧಾರವಾಡದಲ್ಲಿರುವ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯಲ್ಲಿ ಕೇಳಿ ಅವರು ಹೇಳಿದ ದಾರಿಯಲ್ಲಿ ಕಳಿಸಿ. ರಾಜ್ಯದಲ್ಲಿ ಇಂಥ ತ್ಯಾಜ್ಯ ಹೂಳುವ ಜಾಗ ದಾಬಸ್‌ಪೇಟೆ ಕಡೆ ಇದೆ. ಒಬ್ಬೊಬ್ಬರ ನಾಲ್ಕು ಲೈನರಿಗೆ ಯಾರೂ ಲಾರಿ ಕಳಿಸುವುದಿಲ್ಲ. ಅದಕ್ಕೇ ನಾವು ನಾಲ್ಕೈದು ಗ್ಯಾರೇಜಿನವರು ಒಂದೇ ಕಡೆ ಪೀಪಾಯಿಯಲ್ಲಿ ಕೂಡಿಟ್ಟುಕೊಳ್ಳುತ್ತಿದ್ದೇವೆ.

ನಮ್ಮ ಕಾಕಾ ಜೀವನಪೂರ್ತಿ ಬ್ರೇಕ್ ಕೆಲಸ ಮಾಡ್ಯಾರ. ಈಗ ಏರು ಹತ್ತಿದ್ರ ಉಸಿರು ಬರತೈತಿ. ಏನ್ ಮಾಡ್ಲಿ?

ತಡ ಮಾಡದೆ ಎದೆ ರೋಗದ ಡಾಕ್ಟರಿಗೆ ತೋರಿಸಿ. ಹುಬ್ಬಳ್ಳಿಯಲ್ಲಿ ಮೊದಲು ಕಿಮ್ಸ್ ಎನ್ನುತ್ತಿದ್ದ, ಈಗ ಕೆಎಂಸಿ-ಆರ್‌ಐ ಆಗಿರುವ ಸರ್ಕಾರಿ ಆಸ್ಪತ್ರೆಯಲ್ಲಿ ಆ ವಿಭಾಗ ಇದೆ. ಮುಖ್ಯವಾದದ್ದು ಒಂದೇ. ‘ಮೂವತ್ತು ವರ್ಷ ಬ್ರೇಕ್ ಲೈನರ್, ಕ್ಲಚ್ ಕೆಲಸ ಮಾಡಿದ್ದೇನೆ, ಆಸ್ಬೆಸ್ಟಾಸ್ ಧೂಳಿತ್ತು’ ಎಂದು ನೀವೇ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಡಾಕ್ಟರಿಗೆ ಟಿಬಿ, ಅಸ್ತಮಾ, ಬೀಡಿ ಇವೇ ಮೊದಲು ನೆನಪಾಗುತ್ತವೆ. ಎಕ್ಸ್‌ರೇ ಮತ್ತು ಉಸಿರಿನ ಶಕ್ತಿ ಅಳೆಯುವ ಪರೀಕ್ಷೆ ಮಾಡಿಸುತ್ತಾರೆ. ಹಳೇ ಎಕ್ಸ್‌ರೇ ಇದ್ದರೆ ಎಸೆಯಬೇಡಿ, ಜೊತೆಗೆ ಒಯ್ಯಿರಿ. ಕೆಲಸದಿಂದ ಬಂದ ಕಾಯಿಲೆಗಳ ಪರಿಹಾರ ಕಾನೂನಿನ ಪಟ್ಟಿಯಲ್ಲಿ ಆಸ್ಬೆಸ್ಟೋಸಿಸ್ ಇದೆ. ಎಲ್ಲಾದರೂ ಇಎಸ್‌ಐ ಇರುವ ಕಡೆ ಕೆಲಸ ಮಾಡಿದ್ದರೆ ಆ ಕಾಗದವನ್ನೂ ಹುಡುಕಿ ಇಟ್ಟುಕೊಳ್ಳಿ.

## ಕಾನೂನು

ಇಂಡಿಯಾದಾಗ ಆಸ್ಬೆಸ್ಟಾಸ್ ಬಂದ್ ಆಗೈತೋ ಇಲ್ಲೋ? ಒಬ್ಬೊಬ್ರು ಒಂದೊಂದು ಹೇಳ್ತಾರ.

ಒಬ್ಬೊಬ್ಬರು ಒಂದೊಂದು ಹೇಳಲು ಕಾರಣವಿದೆ. ನೆಲದಿಂದ ಅಗೆಯುವುದಕ್ಕೆ ತಡೆ ಇದೆ. 1986ರಿಂದ ಹೊಸ ಗಣಿ ಗುತ್ತಿಗೆ ಕೊಡುವುದನ್ನು ನಿಲ್ಲಿಸಿದರು. ಆದರೆ ಬಿಳಿ ಕಲ್ನಾರನ್ನು ಹೊರಗಿನಿಂದ ತರಿಸುವುದಕ್ಕೆ, ಅದರಿಂದ ಸಾಮಾನು ಮಾಡುವುದಕ್ಕೆ, ಮಾರುವುದಕ್ಕೆ ತಡೆ ಇಲ್ಲ. ರಷ್ಯಾ, ಕಜಕಿಸ್ತಾನ, ಬ್ರೆಜಿಲ್‌ನಿಂದ ಬರುತ್ತದೆ. ಜಗತ್ತಿನಲ್ಲೇ ಅತಿ ಹೆಚ್ಚು ತರಿಸಿಕೊಳ್ಳುವ ದೇಶಗಳಲ್ಲಿ ನಮ್ಮದೂ ಒಂದು.

1995ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ದೊಡ್ಡ ತೀರ್ಪು ಕೊಟ್ಟಿತು. ಕಲ್ನಾರಿನ ಕಾರ್ಖಾನೆಗಳು ಪ್ರತಿ ಕಾರ್ಮಿಕನ ಆರೋಗ್ಯದ ದಾಖಲೆಯನ್ನು 40 ವರ್ಷ, ಅಥವಾ ನಿವೃತ್ತಿಯಾಗಿ 15 ವರ್ಷ ಆಗುವವರೆಗೆ, ಯಾವುದು ನಂತರವೋ ಅಲ್ಲಿವರೆಗೆ ಇಡಬೇಕು ಎಂದಿತು. ಕೆಲಸಗಾರನ ಆರೋಗ್ಯ ಅವನ ಬದುಕುವ ಹಕ್ಕಿನೊಳಗೇ ಬರುತ್ತದೆ ಎಂದೂ ಹೇಳಿತು. ಪೂರ್ತಿ ನಿಷೇಧ ಬೇಕೆಂದು ಹೋದ ಅರ್ಜಿಯನ್ನು 2011ರಲ್ಲಿ ಅದೇ ಕೋರ್ಟ್ ಒಪ್ಪಲಿಲ್ಲ. ಆ 40 ವರ್ಷದ ಲೆಕ್ಕ ದೊಡ್ಡ ಕಾರ್ಖಾನೆಗೆ. ಬೀದಿ ಬದಿಯ ಗ್ಯಾರೇಜಿನ ಹುಡುಗನ ಹೆಸರು ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ. ಇದು ನನಗೆ ಬಹಳ ಬೇಸರದ ಸಂಗತಿ.

ಬ್ಯಾರೆ ದೇಶದಾಗ ಹೆಂಗ?

ಬ್ರಿಟನ್ 1985ರಲ್ಲಿ ನೀಲಿ ಮತ್ತು ಕಂದು, 1999ರಲ್ಲಿ ಬಿಳಿಯನ್ನೂ ನಿಷೇಧಿಸಿತು. ಯುರೋಪಿಯನ್ ಒಕ್ಕೂಟದಲ್ಲಿ 2005ರ ಜನವರಿಯಿಂದ. ನ್ಯೂಜಿಲೆಂಡ್ 2016ರ ಅಕ್ಟೋಬರಿನಿಂದ ಕಲ್ನಾರಿರುವ ಸಾಮಾನಿನ ಆಮದಿಗೆ ತಡೆ ಹಾಕಿತು. ಕೆನಡಾದಲ್ಲಿ 2018ರ ಡಿಸೆಂಬರ್ ಕೊನೆಗೆ ನಿಷೇಧ ಜಾರಿಯಾಯಿತು. ಅಮೆರಿಕದಲ್ಲಿ 1989ರಲ್ಲಿ ಮಾಡಿದ ನಿಷೇಧದ ಬಹುಭಾಗವನ್ನು 1991ರಲ್ಲಿ ಕೋರ್ಟ್ ತೆಗೆದುಹಾಕಿತ್ತು. 2024ರ ಮಾರ್ಚಿನಲ್ಲಿ ಮತ್ತೆ ಬಿಳಿ ಕಲ್ನಾರಿನ ಮೇಲೆ ನಿಯಮ ತಂದರು, ಅದರಲ್ಲಿ ಬಿಡಿ ಬ್ರೇಕ್ ಲೈನರೂ ಸೇರಿದೆ. ಎಲ್ಲರಿಗಿಂತ ಬಿಗಿ ಆಸ್ಟ್ರೇಲಿಯಾ. ಅದನ್ನು ಮುಂದೆ ಬಿಡಿಸಿ ಹೇಳಿದ್ದೇನೆ.

## ಹೊರಗಿನಿಂದ ಇಲ್ಲಿಗೆ

ಇಂಗ್ಲೆಂಡಿಂದ ಒಂದು ಮಾರಿಸ್ ಮೈನರ್ ತರಿಸಬೇಕಂತ ಭಾಳ ದಿನದ ಆಸೆ ಐತ್ರಿ. ಆಗತೈತೇನ್?

ಆಗುತ್ತದೆ, ಮೊದಲಿಗಿಂತ ಈಗ ಸುಲಭ. ಮುಂಚೆ 1950ರ ಜನವರಿ 1ಕ್ಕಿಂತ ಹಿಂದೆ ತಯಾರಾದ ಗಾಡಿಗೆ ಮಾತ್ರ ಲೈಸೆನ್ಸ್ ಇಲ್ಲದೆ ಬಿಡುತ್ತಿದ್ದರು. 2025ರಲ್ಲಿ ಕೇಂದ್ರ ಸರ್ಕಾರದ ವಿದೇಶಿ ವ್ಯಾಪಾರ ನಿರ್ದೇಶನಾಲಯ (ಡಿಜಿಎಫ್‌ಟಿ) ಅದನ್ನು ಬದಲಿಸಿ 50 ವರ್ಷ ದಾಟಿದ ಗಾಡಿ ಎಂದು ಮಾಡಿತು. ಮಾರಿಸ್ ಮೈನರ್ 1948ರಿಂದ 1971ರವರೆಗೆ ತಯಾರಾದ ಗಾಡಿ. ಹಾಗಾಗಿ ಎಲ್ಲ ಮೈನರೂ ಈ ಲೆಕ್ಕದೊಳಗೆ ಬರುತ್ತವೆ. ಸ್ಟೇರಿಂಗ್ ಬಲಗಡೆ ಇರುವುದರಿಂದ ನಮ್ಮ ರಸ್ತೆಗೂ ಒಗ್ಗುತ್ತದೆ.

ಷರತ್ತುಗಳಿವೆ. ಸ್ವಂತ ಬಳಕೆಗೆ ಮಾತ್ರ, ಇಲ್ಲಿ ತಂದು ಮಾರುವಂತಿಲ್ಲ. ಮೋಟಾರು ವಾಹನ ನಿಯಮಗಳಿಗೆ ಹೊಂದಬೇಕು. ಸುಂಕದ ವಿಷಯ ಮೊದಲೇ ಗಟ್ಟಿ ಮಾಡಿಕೊಳ್ಳಿ. ಗಾಡಿಗೆ ಕೊಟ್ಟ ಬೆಲೆಗಿಂತ ಸುಂಕ ಮತ್ತು ತೆರಿಗೆಯೇ ದೊಡ್ಡ ಮೊತ್ತವಾಗುತ್ತದೆ, ಅದೂ ಹಡಗಿನ ಬಾಡಿಗೆ, ವಿಮೆ ಸೇರಿಸಿದ ಬೆಲೆಯ ಮೇಲೆ ಲೆಕ್ಕ. ಕಸ್ಟಮ್ಸ್ ಬ್ರೋಕರ್ ಹತ್ತಿರ ಆ ವಾರದ ದರ ಬರೆಸಿಕೊಂಡ ಮೇಲೆಯೇ ಅಲ್ಲಿಯವರಿಗೆ ಮುಂಗಡ ಕೊಡಿ.

ನನಗ 1985ರ ಗಾಡಿ ಬೇಕಾಗೈತಿ. ಅದೂ ಹಳೇದೇ ಅಲ್ವಾ?

ನಿಮಗೆ ಹಳೇದು, ನಿಯಮಕ್ಕೆ ನಡುವಿನದು. ಸೆಕೆಂಡ್ ಹ್ಯಾಂಡ್ ಕಾರು ತರಬೇಕೆಂದರೆ ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು. ವಿಂಟೇಜ್ ಎನ್ನಬೇಕೆಂದರೆ 50 ತುಂಬಿರಬೇಕು. ನಡುವಿನ ಗಾಡಿಗೆ ಸಾಮಾನ್ಯರಿಗೆ ದಾರಿ ಇಲ್ಲ.

ತರಿಸುವಾಗ ಆಸ್ಬೆಸ್ಟಾಸ್ ಬಗ್ಗೆ ಅಲ್ಲಿಯವರನ್ನ ಏನ್ ಕೇಳಬೇಕು?

ನಮ್ಮಲ್ಲಿ ಆಸ್ಟ್ರೇಲಿಯಾದಂಥ ನಿಷೇಧ ಇಲ್ಲದ್ದರಿಂದ ಬಂದರಿನಲ್ಲಿ ಈ ಕಾರಣಕ್ಕೆ ಗಾಡಿ ನಿಲ್ಲುವ ಹೆದರಿಕೆ ಇಲ್ಲ. ಕೇಳಬೇಕಾದ್ದು ನಿಮ್ಮ ಮಿಸ್ತ್ರಿಯ ಸಲುವಾಗಿ. ಬ್ರೇಕ್ ಶೂ, ಕ್ಲಚ್ ಪ್ಲೇಟ್ ಕೊನೆಗೆ ಯಾವಾಗ ಬದಲಾಯಿತು, ಬಿಲ್ ಇದೆಯಾ? ಎಂಜಿನ್ ಬಿಚ್ಚಿದ್ದರೆ ಯಾವ ಗ್ಯಾಸ್ಕೆಟ್ ಸೆಟ್ ಹಾಕಿದ್ದು? ಬಾನೆಟ್ ಒಳಗಿನ ಹೊದಿಕೆ ಮೂಲದ್ದಾ? ಬ್ರಿಟನ್ನಿನಲ್ಲಿ 1999ರ ನಂತರ ಬಿಲ್ ಸಮೇತ ಹೊಸ ಶೂ ಹಾಕಿಸಿದ್ದರೆ ಮನಸ್ಸಿಗೆ ಸಮಾಧಾನ. ಹಳೇ ಕಾರು ಇಟ್ಟುಕೊಂಡ ಅಲ್ಲಿನ ಜನ ಮೂವತ್ತು ನಲವತ್ತು ವರ್ಷದ ಬಿಲ್ಲನ್ನೂ ಫೈಲಿನಲ್ಲಿ ಜೋಡಿಸಿ ಇಟ್ಟಿರುವುದನ್ನು ನೋಡಿದ್ದೇನೆ. ಆ ಫೈಲ್ ಗಾಡಿಯ ಜೊತೆಯೇ ಬರಲಿ ಎಂದು ಹಟ ಹಿಡಿಯಿರಿ.

ಅಜ್ಜನ ಗಾಡಿಗೆ ವಿಂಟೇಜ್ ನಂಬರ್ ಮಾಡಿಸಬೇಕು. ಲೈನರ್, ಗ್ಯಾಸ್ಕೆಟ್ ಬದಲಿಸಿದ್ರ ‘ಒರಿಜಿನಲ್ ಅಲ್ಲ’ ಅಂತಾರೇನ್?

ಅನ್ನುವುದಿಲ್ಲ. 2021ರ ಜುಲೈನಲ್ಲಿ ಬಂದ ನಿಯಮ ನೋಡುವುದು ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲಿ ಇವೆಯಾ, ದೊಡ್ಡ ಬದಲಾವಣೆ ಆಗಿದೆಯಾ ಎಂದು. ಸವೆಯುವ ಭಾಗ ಬದಲಿಸುವುದು ಅದರೊಳಗೆ ಬರುವುದಿಲ್ಲ. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ. ಮತ್ತೆ ಮಾಡಿಸುವಾಗ 5,000. ಹೊರಗಿನಿಂದ ಬಂದ ಗಾಡಿಗೆ ಕಸ್ಟಮ್ಸ್‌ನ ಬಿಲ್ ಆಫ್ ಎಂಟ್ರಿ, ಇಲ್ಲಿಯದಕ್ಕೆ ಹಳೇ ಆರ್‌ಸಿ ಕೊಡಬೇಕು. ನಂಬರಿನಲ್ಲಿ ರಾಜ್ಯದ ಅಕ್ಷರದ ನಂತರ ‘ವಿಎ’ ಬರುತ್ತದೆ.

ಒಂದು ಮಾತು ಯೋಚಿಸಿ ಕೈ ಹಾಕಿ. ಈ ನಂಬರ್ ಬಂದ ಮೇಲೆ ದಿನಾ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ತುಂಬಿಸಲು, ರಿಪೇರಿಗೆ ಮಾತ್ರ. ಭಾನುವಾರ ಮನೆ ಮಂದಿಯನ್ನೆಲ್ಲ ಕೂರಿಸಿಕೊಂಡು ಉಣಕಲ್ ಕೆರೆಗೆ ಹೋಗಿ ಬರುವ ಆಸೆ ಇದ್ದವರು ಸಾಮಾನ್ಯ ಆರ್‌ಸಿಯನ್ನೇ ನವೀಕರಿಸಿಕೊಳ್ಳುವುದು ಲೇಸು. ನಾನೂ ಹಾಗೇ ಮಾಡಿದ್ದೇನೆ. ನಮ್ಮ ಭಾಗದ ಬಹಳ ಹಳೇ ಗಾಡಿಗಳ ಕಾಗದ 1956ಕ್ಕೆ ಮುಂಚಿನ ಮುಂಬೈ ರಾಜ್ಯದ ಕಾಲದ್ದು. ಅಂಥದ್ದು ಸಿಕ್ಕರೆ ಲ್ಯಾಮಿನೇಟ್ ಮಾಡಿಸಬೇಡಿ, ಹಾಗೇ ಕಾಪಾಡಿ.

## ಇಲ್ಲಿಂದ ಹೊರಗೆ

ತಮ್ಮ ಮೆಲ್ಬೋರ್ನ್‌ನಾಗ ಅದಾನ. ಅಪ್ಪನ ಫಿಯಾಟ್ ಅಲ್ಲಿಗೆ ಕಳಿಸಬೇಕು. ಏನ್ ತೊಂದರೆ ಇಲ್ಲಲ್ಲ?

ಇದೆ. ದಯವಿಟ್ಟು ಪೂರ್ತಿ ಓದಿ.

ಆಸ್ಟ್ರೇಲಿಯಾ 2003ರ ಡಿಸೆಂಬರ್ 31ರಿಂದ ಎಲ್ಲ ಬಗೆಯ ಕಲ್ನಾರನ್ನೂ ತಯಾರಿಸುವುದು, ಬಳಸುವುದು, ತರುವುದು ನಿಷೇಧಿಸಿದೆ. ‘ಇಷ್ಟರೊಳಗೆ ಇದ್ದರೆ ಪರವಾಗಿಲ್ಲ’ ಎನ್ನುವ ಮಿತಿಯೇ ಇಲ್ಲ. ಹಳೇ ಕಾರು, ನೆನಪಿನ ಕಾರು ಎಂದು ರಿಯಾಯಿತಿ ಇಲ್ಲ. ಸಂಶೋಧನೆಯಂಥ ಬೆರಳೆಣಿಕೆಯ ಕಾರಣಕ್ಕೆ ಮಾತ್ರ ಮೊದಲೇ ಒಪ್ಪಿಗೆ ಪಡೆಯಬಹುದು. ಒಂದು ಗ್ಯಾಸ್ಕೆಟಿನಲ್ಲಿ ಸಿಕ್ಕರೂ ಗಾಡಿಯನ್ನು ವಶಕ್ಕೆ ತೆಗೆದುಕೊಳ್ಳಬಹುದು, ದಂಡವೂ ದೊಡ್ಡದು.

ಇನ್ನೊಂದು ಗೊಂದಲ ಇಲ್ಲೇ ಬಗೆಹರಿಸಿಕೊಳ್ಳಿ. 25 ವರ್ಷ ದಾಟಿದ ಗಾಡಿಗೆ ಅಲ್ಲಿನ ಸಾರಿಗೆ ಇಲಾಖೆ ಆಮದು ಒಪ್ಪಿಗೆ ಕೊಡುತ್ತದೆ. ಅದು ರಸ್ತೆಯ ಲೆಕ್ಕದ ಒಪ್ಪಿಗೆ. ಕಲ್ನಾರನ್ನು ನೋಡುವವರು ಗಡಿ ಕಾಯುವ ಬಾರ್ಡರ್ ಫೋರ್ಸ್‌ನವರು. ಮೊದಲನೆಯದು ಕೈಗೆ ಬಂತೆಂದು ಹಡಗು ಹತ್ತಿಸಿದವರು ಎರಡನೆಯದರಲ್ಲಿ ಸಿಕ್ಕಿಕೊಳ್ಳುತ್ತಾರೆ.

ನನ್ನ ಸೋದರತ್ತೆ ಮಗ ಹಾಗೇ ಸಿಕ್ಕಿಕೊಂಡ. 1964ರ ಗಾಡಿ. ನಾವು ಇಲ್ಲಿ ಶೂ, ಕ್ಲಚ್, ಗ್ಯಾಸ್ಕೆಟ್ ಎಲ್ಲಾ ಬದಲಿಸಿದ್ದೆವು. ಕೆಲಸ ಚೆನ್ನಾಗೇ ಆಗಿತ್ತು. ಏಜೆಂಟರೊಬ್ಬರು ‘ಕಾಗದ ನಾವು ಕೊಡ್ತೀವಿ, ಸುಮ್ನೆ ಕಳಿಸಿ’ ಎಂದರು. ನಾವು ಫೋಟೊ ತೆಗೆಯಲಿಲ್ಲ, ಲ್ಯಾಬಿಗೆ ಕೊಡಲಿಲ್ಲ. ಗಾಡಿ ಅಲ್ಲಿ ಬಂದರಿನಲ್ಲಿ ಆರು ವಾರ ನಿಂತಿತು. ಪರೀಕ್ಷೆ ಮಾಡುವವರು ಎಂಜಿನ್ ಹೆಡ್ ತೆಗೆದು ಗ್ಯಾಸ್ಕೆಟಿನ ಚೂರು ಕತ್ತರಿಸಿಕೊಂಡರು, ಶೂಗಳನ್ನು ಕೊರೆದರು, ಕಾಲಡಿಯ ಹಾಳೆ ಕಿತ್ತರು. ಕೊನೆಗೆ ಎಲ್ಲೂ ಕಲ್ನಾರು ಸಿಗಲಿಲ್ಲ, ಗಾಡಿ ಬಿಟ್ಟರು. ಆದರೆ ಪರೀಕ್ಷೆ, ಗೋಡೌನ್ ಬಾಡಿಗೆ, ಮತ್ತೆ ಜೋಡಿಸಿದ ಖರ್ಚು ಸೇರಿ ಗಾಡಿ ಇಲ್ಲಿ ಮಾರಿದ್ದರೆ ಬರುತ್ತಿದ್ದ ದುಡ್ಡನ್ನು ಮೀರಿತು. ಅಷ್ಟೂ ಅವನ ತಲೆಗೇ. ಮಾಡಿದ ಕೆಲಸಕ್ಕೆ ಸಾಕ್ಷಿ ಇಟ್ಟುಕೊಳ್ಳದೆ ಇದ್ದದ್ದು ನನ್ನ ತಪ್ಪು.

ಮತ್ತ ಸರಿಯಾದ ಕ್ರಮ ಯಾವುದು?

ಗಾಡಿಯನ್ನು ಇಲ್ಲೇ ಬಿಚ್ಚಿ. ಮೇಲೆ ಹೇಳಿದ ಪ್ರತಿ ಜಾಗಕ್ಕೂ ಒಂದು ನಂಬರ್ ಕೊಟ್ಟು ಪಟ್ಟಿ ಮಾಡಿ. ತೆಗೆಯುವ ಮುಂಚೆ, ತೆಗೆದ ಮೇಲೆ, ಹೊಸದು ಹಾಕಿದ ಮೇಲೆ ಹೀಗೆ ಮೂರು ಫೋಟೊ, ಗಾಡಿಯ ಚಾಸಿ ನಂಬರ್ ಚೀಟಿ ಪಕ್ಕದಲ್ಲಿ ಕಾಣುವ ಹಾಗೆ. ಹೊಸ ಭಾಗದ ಬಿಲ್ಲಿನಲ್ಲಿ ಕಂಪನಿ ಹೆಸರು, ಪಾರ್ಟ್ ನಂಬರ್ ಇರಲಿ. ಡಾಂಬರು ಹಾಳೆ, ಅಡಿ ಲೇಪದಂಥ ಕೀಳಲಾಗದ ಜಾಗದಿಂದ ಚೂರು ತೆಗೆದು ಲ್ಯಾಬಿಗೆ ಕೊಡಿ. ಒಂದೇ ಚೂರಿನ ವರದಿ ಇಡೀ ಗಾಡಿಗೆ ಸಾಲದು, ಒಂದೊಂದು ಜಾಗಕ್ಕೂ ಬೇರೆ ಬೇರೆ ಬೇಕು. ಹಳೇ ಧೂಳು ಡ್ರಮ್, ಕ್ಲಚ್ ಹೌಸಿಂಗ್ ಎರಡರಲ್ಲೂ ಉಳಿಯದ ಹಾಗೆ ಒದ್ದೆ ಒರೆಸಬೇಕು. ಎಲ್ಲ ಕಾಗದವನ್ನೂ ತಮ್ಮನ ಕಡೆಯ ಕಸ್ಟಮ್ಸ್ ಬ್ರೋಕರಿಗೆ ಮೊದಲು ಕಳಿಸಿ, ಅವರು ಸರಿ ಎಂದ ಮೇಲೆ ಹಡಗಿನ ಬುಕಿಂಗ್ ಮಾಡಿ.

‘ಆಸ್ಬೆಸ್ಟಾಸ್ ಫ್ರೀ’ ಅಂತ ಬರೆದ ಕಾಗದ ಇದ್ರ ಸಾಲದೇನು?

ಆ ಮಾತಿಗೆ ಒಂದೊಂದು ದೇಶದಲ್ಲಿ ಒಂದೊಂದು ಅರ್ಥ. ಕೆಲವು ಕಡೆ ಅತಿ ಕಡಿಮೆ ಪ್ರಮಾಣದಲ್ಲಿ ಇದ್ದರೂ ‘ಇಲ್ಲ’ ಎಂದು ಬರೆಯಬಹುದು. ಆಸ್ಟ್ರೇಲಿಯಾಕ್ಕೆ ‘ಇಲ್ಲ’ ಅಂದರೆ ಸೊನ್ನೆ. ಅಲ್ಲದೆ ಯಾವ ಭಾಗ, ಯಾವ ಚೂರು, ಯಾವ ವಿಧಾನದಲ್ಲಿ ನೋಡಿದ್ದು ಎಂದು ಬರೆಯದ ಕಾಗದ ಬರೀ ಹೇಳಿಕೆ. ಲ್ಯಾಬ್ ವರದಿಯಾದರೆ ಆ ಲ್ಯಾಬಿಗೆ ಅಂತಾರಾಷ್ಟ್ರೀಯವಾಗಿ ಪರಸ್ಪರ ಒಪ್ಪಿದ ಮಾನ್ಯತೆ ಇರಬೇಕು. ಲ್ಯಾಬುಗಳಿಗೆ ಮಾನ್ಯತೆ ಕೊಡುವ ನಮ್ಮ ದೇಶದ ಮಂಡಳಿ ಎನ್‌ಎಬಿಎಲ್ ಆ ಒಪ್ಪಂದದಲ್ಲಿದೆ. ಲ್ಯಾಬಿನ ಮಾನ್ಯತೆಯ ಪಟ್ಟಿಯಲ್ಲಿ ಆಸ್ಬೆಸ್ಟಾಸ್ ಪರೀಕ್ಷೆಯ ಹೆಸರೇ ಇದೆಯಾ ಎಂದು ಕಣ್ಣಾರೆ ನೋಡಿ. ನೀರು, ಮಣ್ಣು, ಸಿಮೆಂಟ್ ನೋಡುವ ಲ್ಯಾಬಿಗೆಲ್ಲ ಇದು ಬರುವುದಿಲ್ಲ.

ಗಾಡಿ ಅಲ್ಲ, ಬರೀ ಒಂದು ಗ್ಯಾಸ್ಕೆಟ್ ಸೆಟ್ ಕೊರಿಯರ್ ಮಾಡಬೇಕು. ಅದಕ್ಕೂ ಇದೇ ಲೆಕ್ಕಾನ?

ಅದಕ್ಕೂ ಇದೇ. ಅಂಚೆ, ಕೊರಿಯರ್, ಸೂಟ್‌ಕೇಸ್ ಯಾವುದರಲ್ಲಿ ಹೋದರೂ ನಿಷೇಧ ನಿಷೇಧವೇ. ಹಳೇ ಸ್ಟಾಕಿನ ಗ್ಯಾಸ್ಕೆಟ್ ಹುಬ್ಬಳ್ಳಿಯ ಅಂಗಡಿಗಳಲ್ಲಿ ಇನ್ನೂ ಸಿಗುತ್ತದೆ ಎಂದು ಅಲ್ಲಿಯವರು ಆಸೆಯಿಂದ ಕೇಳುತ್ತಾರೆ. ಇಲ್ಲ ಎನ್ನಿ.

ಅಪ್ಪ ಇಟ್ಟ ಒಂದು ಸೆಟ್ ಹೊಸಾ ಲೈನರ್ ಅಟ್ಟದ ಮ್ಯಾಲೆ ಐತಿ, ಡಬ್ಬಿ ಸೈತ ಒಡೆದಿಲ್ಲ. ಹಾಕಿಸಲೇನ್ರಿ?

ಹಾಕಿಸಬೇಡಿ. ಆ ಕಾಲದ ಹೊಸ ಲೈನರ್ ಅಂದರೆ ನಾರು ಒಂದಿಷ್ಟೂ ಸುಟ್ಟಿರದ, ಉಜ್ಜಿದರೆ ಎಲ್ಲಕ್ಕಿಂತ ಜಾಸ್ತಿ ಹಾರುವ ಸಾಮಾನು. ಡ್ರಮ್ಮಿಗೆ ಕೂರಲಿಲ್ಲ ಎಂದು ಮಿಸ್ತ್ರಿ ಒಂದು ಸಲ ಅರ ಹಿಡಿದರೆ ಸಾಕು.

ನಮ್ಮ ಮನೆಯಲ್ಲೂ ಅಂಥದ್ದು ಇತ್ತು. ಡಬ್ಬಿಯ ಮೇಲೆ ಅಪ್ಪನ ಕೈಬರಹದಲ್ಲಿ ‘ಮುಂದಿನ ಗಾಲಿ, ಜೋಡಿ 1’ ಎಂದು ಪೆನ್ಸಿಲಿನಲ್ಲಿ ಬರೆದಿತ್ತು. ಎಸೆಯಲು ಮನಸ್ಸು ಬರಲಿಲ್ಲ, ಬಹಳ ದಿನ ಹಾಗೇ ಇಟ್ಟುಕೊಂಡಿದ್ದೆ. ಕೊನೆಗೆ ಅಂಗಳದಲ್ಲಿ ಮಾಸ್ಕ್ ಹಾಕಿಕೊಂಡು, ಒಳಗಿನ ಲೈನರನ್ನು ಒದ್ದೆ ಮಾಡಿ ಎರಡು ಚೀಲದಲ್ಲಿ ಕಟ್ಟಿ ಉಳಿದ ತ್ಯಾಜ್ಯದ ಜೊತೆ ಸೇರಿಸಿದೆ. ಡಬ್ಬಿ ರಟ್ಟಿನದು, ಧೂಳು ಹೀರಿರುತ್ತದೆ, ಅದನ್ನೂ ಇಡುವಂತಿರಲಿಲ್ಲ. ಅಕ್ಷರ ಇದ್ದ ಮಗ್ಗುಲಿನ ಫೋಟೊ ತೆಗೆದುಕೊಂಡು ಅದನ್ನೂ ಚೀಲಕ್ಕೆ ಹಾಕಿದೆ. ಈಗ ಆ ಫೋಟೊ ಫಿಯಾಟಿನ ಆರ್‌ಸಿ ಜೊತೆ ಒಂದೇ ಕವರಿನಲ್ಲಿದೆ.